ಬಾಕಿ ವಸೂಲಿಗೆ ವಾಣಿಜ್ಯ ನ್ಯಾಯಾಲಯ: ಕಾಸರಗೋಡಿನ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಭಾಗದ ಅಡಿಕೆ ಅಂಗಡಿಗಳಿಗೆ ಲೆಕ್ಕ ಬರೆಯುವುದು ನನ್ನ ವೃತ್ತಿ. ಮಾರ್ಚ್ ಕೊನೆಯಲ್ಲಿ ಖಾತೆ ಮುಗಿಸಲು ಕುಳಿತಾಗ ಪ್ರತಿ ವರ್ಷವೂ ಯಾರಾದರೊಬ್ಬರು ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇದು ಬರುವ ಹಣವಲ್ಲ, ಹೊಡೆದುಹಾಕಿ" ಎನ್ನುತ್ತಾರೆ. ಬಾಕಿ ನಾಲ್ಕು ಲಕ್ಷವೋ ಆರು ಲಕ್ಷವೋ ಇರುತ್ತದೆ. ಸರಕು ಹೋಗಿದೆ, ಬಿಲ್ ಇದೆ, ಲಾರಿ ಚೀಟಿ ಇದೆ, ಹಣ ಮಾತ್ರ ಬಂದಿಲ್ಲ. ಕೋರ್ಟಿಗೆ ಹೋದರೆ ಹತ್ತು ವರ್ಷ ಅಲೆಯಬೇಕು ಎಂಬ ಹಳೆಯ ಭಯವೇ ಆ ಗೆರೆ ಎಳೆಸುತ್ತದೆ. ಎಳೆಯುವಾಗ ನನಗೆ ಸಂಕಟವಾಗುತ್ತದೆ. ಆ ಮೊತ್ತದಲ್ಲಿ ಅಂಗಡಿಯವರ ಲಾಭ ಸ್ವಲ್ಪ. ಬೆಳೆಗಾರರಿಗೆ ಆಗಲೇ ಕೊಟ್ಟು ಮುಗಿಸಿದ ಹಣವೇ ಬಹಳ.

ಒಂದು ಅಂಗಡಿಯ ದಾವೆಯ ಜತೆಗೆ ಮಧ್ಯಸ್ಥಿಕೆಯ ಅರ್ಜಿಯಿಂದ ಡಿಕ್ರಿಯವರೆಗೂ, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ಅಂತಿಮ ಆದೇಶದವರೆಗೂ, ನಡೆದಿದ್ದೇನೆ. ವಕೀಲರ ಮೇಜಿನ ಈಚೆ ಬದಿಯಲ್ಲಿ ಕುಳಿತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಕೀಲರು ಬೇಕೇ ಬೇಕು. ಆದರೆ ಅವರ ಕೋಣೆಗೆ ಹೋಗುವಾಗ ನಿಮ್ಮ ಕೈಯಲ್ಲಿ ಏನಿರಬೇಕು ಎಂಬುದನ್ನು ನೀವು ತಿಳಿದಿರಬೇಕು. ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಮೊದಲು ದಾವೆ ಹೂಡಿ, ಕಾಗದವನ್ನು ಆಮೇಲೆ ಹುಡುಕಿ ತರುವ ರೂಢಿ ಎಷ್ಟೋ ಕಾಲದಿಂದ ನಡೆದುಬಂದಿದೆ. ವಾಣಿಜ್ಯ ನ್ಯಾಯಾಲಯದಲ್ಲಿ ಆ ರೂಢಿಯಿಂದಲೇ ಸೋಲುತ್ತೀರಿ. ಇಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ದಾವೆ ಹೂಡುವ ಮೊದಲೇ ಮುಗಿದಿರಬೇಕು.

ನಿಮ್ಮ ಬಾಕಿ ಇಲ್ಲಿಗೆ ಸೇರುತ್ತದೆಯೇ

ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರ ಅಕ್ಟೋಬರ್ 23ರಿಂದ ಜಾರಿಯಲ್ಲಿದೆ. ಮೊದಲು ಅದು ಒಂದು ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. 2018ರ ಮೇ 3ರಿಂದ ಆ ಮಿತಿ ಮೂರು ಲಕ್ಷಕ್ಕೆ ಇಳಿಯಿತು. ನಮ್ಮಂತಹ ಊರಿನ ವ್ಯಾಪಾರಕ್ಕೆ ಈ ಕಾಯ್ದೆ ತಲುಪಿದ್ದು ಆ ದಿನ.

ಎರಡು ಪರೀಕ್ಷೆಗಳಿವೆ. ಮೊದಲನೆಯದು ವ್ಯಾಜ್ಯದ ಸ್ವರೂಪ. ಸರಕು ಮಾರಾಟ, ವರ್ತಕರ ದಿನನಿತ್ಯದ ವ್ಯವಹಾರ, ಆಮದು ರಫ್ತು, ಸರಕು ಸಾಗಣೆ, ಪಾಲುದಾರಿಕೆಯ ಕರಾರು ಇವೆಲ್ಲವೂ ಕಾಯ್ದೆಯ ಎರಡನೆಯ ಕಲಮಿನ ಪಟ್ಟಿಯಲ್ಲಿವೆ. ವ್ಯಾಪಾರದ ನಂಟಿಲ್ಲದೆ ನೆಂಟರಿಗೆ ಕೊಟ್ಟ ಕೈಸಾಲ ಇದರಲ್ಲಿ ಸೇರದು. ಜಾಗ, ಕಟ್ಟಡಗಳಂತಹ ಸ್ಥಿರಾಸ್ತಿಯ ಕರಾರು ಸೇರಬೇಕಾದರೆ ಆ ಆಸ್ತಿ ವ್ಯಾಪಾರಕ್ಕಾಗಿಯೇ ವಾಸ್ತವವಾಗಿ ಬಳಕೆಯಲ್ಲಿರಬೇಕು. ಮುಂದೆ ಗೋದಾಮು ಮಾಡುತ್ತೇವೆ ಎಂಬ ಉದ್ದೇಶ ಸಾಲದು ಎಂದು ಅಂಬಾಲಾಲ್ ಸಾರಾಭಾಯಿ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು ಮೊತ್ತ. ಇಲ್ಲಿ ನಮ್ಮವರು ಹೆಚ್ಚಾಗಿ ತಪ್ಪುತ್ತಾರೆ. ಮೂರು ಲಕ್ಷದ ಲೆಕ್ಕಕ್ಕೆ ದಾವೆ ಹೂಡುವ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಅಸಲು ಬಾಕಿ 2,80,000 ರೂಪಾಯಿ, ಬಿಲ್ಲಿನಲ್ಲಿ ಒಪ್ಪಿದ ಬಡ್ಡಿ ಶೇಕಡಾ 12, ಒಂದು ವರ್ಷ ಕಳೆದಿದೆ ಎಂದುಕೊಳ್ಳಿ. ಬಡ್ಡಿ 33,600 ಸೇರಿ ಮೊತ್ತ 3,13,600 ಆಗುತ್ತದೆ. ಅದು ವಾಣಿಜ್ಯ ನ್ಯಾಯಾಲಯದ ದಾವೆ. ಅಸಲನ್ನಷ್ಟೇ ನೋಡಿ ಬೇರೆ ನ್ಯಾಯಾಲಯದಲ್ಲಿ ಹೂಡಿದರೆ ವಾದಪತ್ರ, ಅಂದರೆ ದಾವೆಯ ಅರ್ಜಿ, ಹಿಂದಕ್ಕೆ ಬರಬಹುದು, ತಿಂಗಳುಗಳು ವ್ಯರ್ಥವಾಗುತ್ತವೆ.

ಯಾವ ಊರಿನಲ್ಲಿ ಹೂಡಬೇಕು

ಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ತಲಪಾಡಿ ದಾಟಿದರೆ ಕರ್ನಾಟಕ, ಈಚೆಗೆ ಕೇರಳ. ಸರಕು ಬದಿಯಡ್ಕದಿಂದ ಹೋಗುತ್ತದೆ, ಖರೀದಿದಾರ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಇರುತ್ತಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮಿನ ಪ್ರಕಾರ ಪ್ರತಿವಾದಿ ವಾಸವಿರುವ ಅಥವಾ ವ್ಯಾಪಾರ ನಡೆಸುವ ಸ್ಥಳದಲ್ಲಿ ದಾವೆ ಹೂಡಬಹುದು; ವ್ಯಾಜ್ಯಕ್ಕೆ ಕಾರಣವಾದ ಸಂಗತಿ ಪೂರ್ಣವಾಗಿಯೋ ಭಾಗಶಃವೋ ನಡೆದ ಸ್ಥಳದಲ್ಲಿಯೂ ಹೂಡಬಹುದು. ಕರಾರು ಬದಿಯಡ್ಕದ ಅಂಗಡಿಯಲ್ಲಿ ಆಗಿ, ಸರಕು ಅಲ್ಲಿಯೇ ಲಾರಿಗೆ ಏರಿ, ಹಣ ಅಲ್ಲಿಗೇ ಬರಬೇಕಾಗಿದ್ದರೆ ಕಾಸರಗೋಡಿನಲ್ಲಿ ಹೂಡಲು ಗಟ್ಟಿಯಾದ ಆಧಾರವಿದೆ.

ಆದರೆ ಬಿಲ್ಲಿನ ಅಡಿಯಲ್ಲಿರುವ ಸಣ್ಣ ಅಕ್ಷರದ ಸಾಲನ್ನು ಮೊದಲು ಓದಿ. 'ವ್ಯಾಜ್ಯಗಳು ಮಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ' ಎಂದು ಎರಡೂ ಕಡೆಯವರು ಒಪ್ಪಿದ್ದರೆ, ಮಂಗಳೂರಿಗೂ ನಿಜವಾಗಿ ವ್ಯಾಪ್ತಿ ಇದ್ದ ಪಕ್ಷದಲ್ಲಿ, ಆ ಸಾಲು ನಿಮ್ಮನ್ನು ಕಟ್ಟಿಹಾಕುತ್ತದೆ. 'ಮಾತ್ರ' ಎಂಬ ಪದ ಇಲ್ಲದಿದ್ದರೂ ಕಟ್ಟಬಹುದು ಎಂಬುದು 2013ರ ಸ್ವಸ್ತಿಕ್ ಗ್ಯಾಸಸ್ ತೀರ್ಪಿನಿಂದ ಸ್ಪಷ್ಟವಾಗಿದೆ. ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ಬಿಲ್ ಪುಸ್ತಕದಲ್ಲಿ ಆ ಸಾಲು ಸುಮ್ಮನೆ ಬಂದು ಕುಳಿತದ್ದನ್ನು ನಾನು ಎಷ್ಟೋ ಅಂಗಡಿಗಳಲ್ಲಿ ಕಂಡಿದ್ದೇನೆ. ಮುಂದಿನ ಪುಸ್ತಕ ಅಚ್ಚಾಗುವ ಮೊದಲು ತಿದ್ದಿಸಿ.

ಕೇರಳದಲ್ಲಿ ಸಬ್ ಕೋರ್ಟುಗಳಿಗೆ ವಾಣಿಜ್ಯ ನ್ಯಾಯಾಲಯದ ಅಧಿಕಾರ ಕೊಟ್ಟಿದ್ದಾರೆ. ಅವುಗಳ ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಕಾಸರಗೋಡಿನವರಿಗೆ ಇದರ ಅರ್ಥ, ವಿದ್ಯಾನಗರದ ನ್ಯಾಯಾಲಯ ಸಂಕೀರ್ಣ.

ಯಾರ ಹೆಸರಿನಲ್ಲಿ, ಎಷ್ಟು ಕಾಲದೊಳಗೆ

ಅಂಗಡಿ ಒಬ್ಬರದ್ದೇ ಆಗಿದ್ದರೆ ದಾವೆ ಮಾಲೀಕರ ಹೆಸರಿನಲ್ಲಿರಬೇಕು. ಅಂಗಡಿಯ ಹೆಸರಿನಲ್ಲಷ್ಟೇ ಹೂಡಲಾಗದು. ಅಣ್ಣ ತಮ್ಮಂದಿರ ಪಾಲುದಾರಿಕೆಯಾಗಿದ್ದರೆ ಇನ್ನೂ ಎಚ್ಚರ ಬೇಕು. ಪಾಲುದಾರಿಕೆ ಕಾಯ್ದೆಯ 69ನೆಯ ಕಲಮಿನ ಪ್ರಕಾರ ನೋಂದಣಿಯಾಗದ ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದ ಮಾತ್ರಕ್ಕೆ ಪಾಲುದಾರಿಕೆ ನೋಂದಣಿಯಾಯಿತು ಎಂದು ತಿಳಿದವರು ಬಹಳ ಮಂದಿ. ಅವು ಬೇರೆ ಬೇರೆ. ಕಂಪನಿಯಾದರೆ ಸಹಿ ಹಾಕುವವರಿಗೆ ಆಡಳಿತ ಮಂಡಳಿಯ ನಿರ್ಣಯ ಬೇಕು.

ಕಾಲದ ವಿಷಯದಲ್ಲಿ ಕನಿಕರವಿಲ್ಲ. ಸಾಲದ ಅವಧಿ ನಿಗದಿಯಾಗದೆ ಸರಕು ಕೊಟ್ಟಿದ್ದರೆ ಕೊಟ್ಟ ದಿನದಿಂದ ಮೂರು ವರ್ಷ; 30 ದಿನ, 45 ದಿನ ಎಂದು ಅವಧಿ ಗೊತ್ತುಮಾಡಿದ್ದರೆ ಅದು ಮುಗಿದ ದಿನದಿಂದ ಮೂರು ವರ್ಷ. ಅಷ್ಟರೊಳಗೆ ಖರೀದಿದಾರ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಹೊಸ ಮೂರು ವರ್ಷ ಶುರುವಾಗುತ್ತದೆ. ಬ್ಯಾಂಕ್ ಮೂಲಕ ಸ್ವಲ್ಪ ಹಣ ಕಟ್ಟಿದ್ದೂ ಅದೇ ಫಲ ಕೊಡಬಹುದು. ಅದಕ್ಕೆ ಪಾವತಿ ಮಾಡಿದವನ ಕೈಬರಹ ಅಥವಾ ಸಹಿಯ ದಾಖಲೆ ಬೇಕು. ಆದ್ದರಿಂದ ಪ್ರತಿ ಮಾರ್ಚ್ 31ಕ್ಕೆ ಬಾಕಿ ದೃಢೀಕರಣ ಪತ್ರ ಕಳುಹಿಸಿ ಸಹಿ ತರಿಸಿಕೊಳ್ಳಿ ಎಂದು ನಾನು ಎಲ್ಲ ಅಂಗಡಿಗಳಲ್ಲೂ ಹಟ ಹಿಡಿಯುತ್ತೇನೆ. ಸ್ನೇಹ ಕೆಡುತ್ತದೆ ಎನ್ನುವವರಿದ್ದಾರೆ. ಎಲ್ಲರಿಗೂ ಒಂದೇ ದಿನ ಒಂದೇ ನಮೂನೆಯ ಪತ್ರ ಹೋದರೆ ಯಾರಿಗೂ ಬೇಸರವಾಗುವುದಿಲ್ಲ.

ಚೆಕ್ ವಾಪಸಾಗಿದ್ದರೆ ಅದರ ದಾರಿ ಬೇರೆ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕ್ರಿಮಿನಲ್ ದೂರು. ಅದು ನಡೆಯುತ್ತಿದ್ದರೂ ಹಣದ ದಾವೆಯ ಮೂರು ವರ್ಷದ ಗಡಿಯಾರ ನಿಲ್ಲುವುದಿಲ್ಲ.

ಕಾಗದಗಳ ಕಟ್ಟು

ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ವಾಣಿಜ್ಯ ದಾವೆಗಳಿಗಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ನ್ನೇ, ಅಂದರೆ ದಾಖಲೆಗಳ ಕುರಿತ ಅಧ್ಯಾಯವನ್ನೇ, ಹೊಸದಾಗಿ ಬರೆದಿದ್ದಾರೆ. ವ್ಯಾಜ್ಯಕ್ಕೆ ಸಂಬಂಧಿಸಿ ನಿಮ್ಮ ವಶದಲ್ಲಿ, ಹಿಡಿತದಲ್ಲಿ ಇರುವ ಎಲ್ಲ ದಾಖಲೆಗಳ ಪಟ್ಟಿ ಮತ್ತು ನಕಲುಗಳನ್ನು ವಾದಪತ್ರದ ಜತೆಗೇ ಕೊಡಬೇಕು. ನಿಮಗೆ ಅನುಕೂಲವಾದವನ್ನೂ ಕೊಡಬೇಕು, ಪ್ರತಿಕೂಲವಾದವನ್ನೂ ಕೊಡಬೇಕು. ಇನ್ನು ಯಾವ ದಾಖಲೆಯೂ ನನ್ನ ಬಳಿ ಇಲ್ಲ ಎಂದು ಪ್ರಮಾಣ ಮಾಡಬೇಕು. ಆಮೇಲೆ ಕಪಾಟಿನಿಂದ ಹೊಸ ಕಾಗದ ಹೊರಬಂದರೆ, ಮೊದಲು ಕೊಡದಿದ್ದುದಕ್ಕೆ ಸಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯದೆ ಅದನ್ನು ನೆಚ್ಚುವಂತಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬದಿಯಡ್ಕದ ವ್ಯಾಪಾರಿ ಮಂಗಳೂರಿನ ಖರೀದಿದಾರನಿಗೆ 20 ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿ ಸುಲಿದ, ಅಡಿಕೆಯನ್ನು ಕಿಲೋಗೆ 400 ರೂಪಾಯಿಯಂತೆ ಮಾರಿದ್ದಾರೆ. ತೆರಿಗೆಯನ್ನು ಸದ್ಯಕ್ಕೆ ಬದಿಗಿಟ್ಟರೆ ಬೆಲೆ 8,00,000. ಬಂದದ್ದು 2,50,000. ಬಾಕಿ 5,50,000. ಈ ಒಂದು ವ್ಯವಹಾರಕ್ಕೆ ಏನೇನು ಬೇಕು? ದರ ಮಾತಾಡಿದ ಮೊಬೈಲ್ ಸಂದೇಶ, ತೂಕದ ಚೀಟಿ, ಬಿಲ್, ಇ-ವೇ ಬಿಲ್, ಲಾರಿ ರಸೀದಿ, ಸರಕು ಇಳಿಸಿಕೊಂಡ ಸಹಿ, ಬಂದ ಹಣದ ಬ್ಯಾಂಕ್ ವಿವರ, ಜಿಎಸ್‌ಟಿ ವಿವರಣಪಟ್ಟಿ, ಖಾತೆಯ ಪುಟ, ಬಾಕಿ ಕೇಳಿ ಬರೆದ ಪತ್ರಗಳು. 'ಗೋಣಿಗೆ ಇಷ್ಟು ತೂಕ ಕಡಿಮೆ ಬಂದಿದೆ, ಸರಕಿನಲ್ಲಿ ಪಸೆ ಇದೆ' ಎಂದು ಖರೀದಿದಾರ ಕಳುಹಿಸಿದ ಸಂದೇಶವೂ ಬೇಕು. ಅದನ್ನು ಅಳಿಸುವ ಆಸೆ ಬರುತ್ತದೆ. ಅಳಿಸಬೇಡಿ. ಅದು ಅವನ ಮೊಬೈಲ್‌ನಲ್ಲಿ ಇದ್ದೇ ಇರುತ್ತದೆ. ನೀವು ಮುಚ್ಚಿಟ್ಟದ್ದು ಬಯಲಾದರೆ ನಿಮ್ಮ ಉಳಿದ ಮಾತಿನ ತೂಕವೂ ಇಳಿಯುತ್ತದೆ. ಆ ಸಂದೇಶಕ್ಕೆ ನೀವು ಅಂದೇ ಕೊಟ್ಟ ಉತ್ತರವನ್ನು ಅದರ ಪಕ್ಕದಲ್ಲಿಡಿ.

ಖಾತೆ ಪುಸ್ತಕದ ಬಗ್ಗೆ ಒಂದು ಮಾತು. ಕ್ರಮವಾಗಿ ಬರೆದ ಲೆಕ್ಕದ ನಮೂದು ಸಾಕ್ಷ್ಯವಾಗುತ್ತದೆ, ಆದರೆ ಆ ನಮೂದೊಂದರಿಂದಲೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲು ಆಗದು. ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಂ ಇದನ್ನು ಹೇಳುತ್ತದೆ. ಖಾತೆಯನ್ನು ಬಿಲ್ ಎತ್ತಿಹಿಡಿಯಬೇಕು, ಬಿಲ್ಲನ್ನು ಲಾರಿ ರಸೀದಿ ಎತ್ತಿಹಿಡಿಯಬೇಕು.

ಮೊಬೈಲ್ ಸಂದೇಶ, ಇಮೇಲ್, ಕಂಪ್ಯೂಟರಿನ ಲೆಕ್ಕಕ್ಕೆ ಇದೇ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಈ ಹೊಸ ಕಾನೂನು ಜಾರಿಯಲ್ಲಿದೆ. ಪ್ರಮಾಣಪತ್ರದಲ್ಲಿ ಎರಡು ಭಾಗಗಳು: ಮೊದಲನೆಯದನ್ನು ದಾಖಲೆ ಕೊಡುವವರು, ಎರಡನೆಯದನ್ನು ತಜ್ಞರು ತುಂಬಬೇಕು, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ಯಾರಾದರೂ ನಕಲು ಮಾಡಿ ಕೊಟ್ಟರೆ ಒಪ್ಪಬೇಡಿ. ಆ ಸಂದೇಶಗಳಿರುವ ಮೊಬೈಲನ್ನು ದಾವೆ ಮುಗಿಯುವವರೆಗೆ ಮಾರಬೇಡಿ, ಬದಲಿಸಬೇಡಿ.

ಕನ್ನಡದ ಲೆಕ್ಕ, ಇಂಗ್ಲಿಷ್ ಕಡತ

ನಮ್ಮ ಭಾಗದ ಎಷ್ಟೋ ಅಂಗಡಿಗಳಲ್ಲಿ ಈಗಲೂ ಕಿರ್ದಿ, ಖಾತೆ, ಚೀಟಿಗಳು ಕನ್ನಡದಲ್ಲಿವೆ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ ಮೇಲೂ ಅಂಗಡಿಯ ಲೆಕ್ಕದ ಭಾಷೆ ಬದಲಾಗಲಿಲ್ಲ. ಅದು ಹಾಗೆಯೇ ಉಳಿಯಲಿ ಎಂಬುದು ನನ್ನ ಆಸೆ. ಆದರೆ ನ್ಯಾಯಾಲಯದ ಕಡತ ಇಂಗ್ಲಿಷ್‌ನಲ್ಲಿ ಸಾಗುತ್ತದೆ. ನಮ್ಮ ಕನ್ನಡದ ದಾಖಲೆಗೆ ಅನುವಾದ ಜೋಡಿಸಬೇಕು.

ನಾನು ಜತೆಗಿದ್ದ ದಾವೆಯಲ್ಲಿ ಖಾತೆಯ ಒಂದು ಸಾಲು 'ಹಳತು 8 ಗೋಣಿ' ಎಂದಿತ್ತು. ಅಡಿಕೆ ವ್ಯಾಪಾರ ಗೊತ್ತಿಲ್ಲದ ಅನುವಾದಕರೊಬ್ಬರು ಅದನ್ನು ಕೆಟ್ಟುಹೋದ ಸರಕು ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಂದಿದ್ದರು. ಹೊಸ ಅಡಿಕೆಗಿಂತ ಹಳತಿಗೆ ಹೆಚ್ಚು ಬೆಲೆ, ಇನ್ನೂ ಹಳೆಯ ದಾಸ್ತಾನಾದ ಡಬಲ್ ಚೋಲಿಗೆ ಇನ್ನೂ ಹೆಚ್ಚು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಎದುರಾಳಿಯ ಕಡೆಯವರು ಮಾತ್ರ ಆ ಒಂದು ಪದವನ್ನು ಹಿಡಿದು, ವಾದಿಯೇ ಕೆಟ್ಟ ಸರಕು ಕಳುಹಿಸಿದ್ದಾಗಿ ಬರೆದುಕೊಂಡಿದ್ದಾರೆ ಎಂದು ವಾದಿಸಿದರು. ಅದನ್ನು ಸರಿಪಡಿಸಲು ಎರಡು ವಾಯಿದೆ ಮತ್ತು ಒಬ್ಬ ಸಾಕ್ಷಿ ಬೇಕಾಯಿತು. ಅಂದಿನಿಂದ ಅನುವಾದಕ್ಕೆ ಕೊಡುವ ಮೊದಲು ನಾನೇ ಒಂದು ಪದಪಟ್ಟಿ ಬರೆದುಕೊಡುತ್ತೇನೆ: ಚಾಲಿ, ಪಟೋರ, ಉಳ್ಳಿ, ಕೋಕ, ಹೊಸತು, ಹಳತು. ಇವೆಲ್ಲ ಅಡಿಕೆಯ ತರಗಳ ಹೆಸರು; ಇವನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ವಿವರಣೆ ಕೊಡಬೇಕು. 'ಹಸ್ತೆ' ಎಂದರೆ ಯಾರ ಕೈಯಲ್ಲಿ ಹಣ ಬಂತೋ ಅವರು, 'ಬಾಬ್ತು' ಎಂದರೆ ಯಾವ ಲೆಕ್ಕಕ್ಕೆ ಎಂಬುದು. ಅನುವಾದ ಬಂದ ಮೇಲೆ ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿಸಿ ಕೇಳಿ.

ದಾವೆಗೆ ಮೊದಲಿನ ಮಧ್ಯಸ್ಥಿಕೆ

ಕಟ್ಟು ಸಿದ್ಧವಾದ ಕೂಡಲೇ ದಾವೆ ಹೂಡುವಂತಿಲ್ಲ. ಕಾಯ್ದೆಯ 12ಎ ಕಲಮಿನಂತೆ, ತುರ್ತು ಮಧ್ಯಂತರ ಪರಿಹಾರ ಬೇಕಾಗಿಲ್ಲದ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಎಂದು ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ 2022ರ ಆಗಸ್ಟ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತಿಂಗಳ 20ರಿಂದ ಈಚೆಗೆ ಮಧ್ಯಸ್ಥಿಕೆಯನ್ನು ಬಿಟ್ಟು ಹೂಡಿದ ದಾವೆಯ ವಾದಪತ್ರ ತಿರಸ್ಕೃತವಾಗುತ್ತದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಮೂನೆ 1ರಲ್ಲಿ ಅರ್ಜಿ ಕೊಡಬೇಕು. ಅರ್ಜಿ ಶುಲ್ಕ 1,000 ರೂಪಾಯಿ. ಪ್ರಾಧಿಕಾರ ಎದುರಾಳಿಗೆ ನೋಟಿಸ್ ಕಳುಹಿಸಿ ಹತ್ತು ದಿನಗಳೊಳಗಿನ ಒಂದು ದಿನಾಂಕ ಕೊಡುತ್ತದೆ. ಉತ್ತರ ಬಾರದಿದ್ದರೆ ಅಂತಿಮ ನೋಟಿಸ್. ಆಗಲೂ ಬಾರದಿದ್ದರೆ, ಅಥವಾ ಬರಲು ಒಪ್ಪದಿದ್ದರೆ, ಮಧ್ಯಸ್ಥಿಕೆ ಆರಂಭವಾಗಲಿಲ್ಲ ಎಂದು ನಮೂನೆ 3ರಲ್ಲಿ ವರದಿ ಬರುತ್ತದೆ. ಆ ವರದಿಯೇ ನಿಮ್ಮ ಪ್ರವೇಶ ಚೀಟಿ. ನಮೂನೆ 1ರಲ್ಲಿ ಎದುರಾಳಿಯ ವಿಳಾಸ, ಇಮೇಲ್, ಮೊಬೈಲ್ ಸಂಖ್ಯೆ ಸರಿಯಾಗಿರಲಿ. ವಿಳಾಸ ತಪ್ಪಿದರೆ ಆ ಚೀಟಿಯೇ ಮುಂದೆ ಪ್ರಶ್ನೆಗೆ ಗುರಿಯಾಗುತ್ತದೆ.

ಇಬ್ಬರೂ ಬಂದರೆ ಮಧ್ಯಸ್ಥಿಕೆಯ ಶುಲ್ಕವನ್ನು ಸಮಪಾಲು ಕೊಡಬೇಕು: ಮೂರರಿಂದ ಹತ್ತು ಲಕ್ಷದ ವ್ಯಾಜ್ಯಕ್ಕೆ ಒಟ್ಟು 15,000, ಹತ್ತರಿಂದ ಐವತ್ತು ಲಕ್ಷಕ್ಕೆ 30,000. ಅವಧಿ ಮೂರು ತಿಂಗಳು. ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಈ ಕಾಲವನ್ನು ಮೂರು ವರ್ಷದ ಲೆಕ್ಕದಿಂದ ಕಳೆಯುತ್ತಾರೆ. ರಾಜಿಯಾದರೆ ಆ ಪತ್ರಕ್ಕೆ ಪಂಚಾಯಿತಿ ತೀರ್ಪಿನ, ಅಂದರೆ ಆರ್ಬಿಟ್ರೇಶನ್ ಅವಾರ್ಡಿನ ಬಲವಿದೆ; ಮಾತು ತಪ್ಪಿದರೆ ನೇರವಾಗಿ ಜಾರಿಗೆ ಹೋಗಬಹುದು.

ಇದನ್ನು ಬರಿಯ ಕಟ್ಟಳೆ ಎಂದು ತಿಳಿದು ಖಾಲಿ ಕೈಯಲ್ಲಿ ಹೋಗುವವರನ್ನು ಕಂಡರೆ ನನಗೆ ಬೇಸರ. ಖರೀದಿದಾರನಿಗೂ ನಾಳೆ ಅಡಿಕೆ ಬೇಕು, ನಿಮಗೂ ನಾಳೆ ಮಾರಬೇಕು. ಕಂತುಗಳ ಲೆಕ್ಕ, ಎಷ್ಟು ಬಡ್ಡಿ ಬಿಡುತ್ತೀರಿ ಎಂಬ ನಿಮ್ಮೊಳಗಿನ ಕೊನೆಯ ಅಂಕಿ, ಕಂತು ತಪ್ಪಿದರೆ ಪೂರ್ತಿ ಮೊತ್ತ ಬೀಳಬೇಕೆಂಬ ಶರತ್ತು, ಇವನ್ನು ಬರೆದುಕೊಂಡು ಹೋಗಿ. ಅಲ್ಲಿ ಆಡಿದ ಮಾತು ಗೌಪ್ಯ, ಮುಂದೆ ನ್ಯಾಯಾಲಯದಲ್ಲಿ ಎತ್ತುವಂತಿಲ್ಲ. ಹಾಗಾಗಿ ನೀವು ನ್ಯಾಯವಾದ ರಾಜಿಗೆ ಸಿದ್ಧರಿದ್ದಿರಿ ಎಂದು ಮುಂದೆ ತೋರಿಸಬೇಕಾದರೆ ಅದನ್ನು ಮಧ್ಯಸ್ಥಿಕೆಯ ಹೊರಗೆ ಪ್ರತ್ಯೇಕ ಪತ್ರದಲ್ಲಿ ಬರೆಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೆಯ ಕಲಮಿನಡಿ ಖರ್ಚು ಹೊರಿಸುವಾಗ, ಯುಕ್ತವಾದ ರಾಜಿಯನ್ನು ಯಾರು ಕಾರಣವಿಲ್ಲದೆ ನಿರಾಕರಿಸಿದರು ಎಂಬುದನ್ನೂ ನ್ಯಾಯಾಧೀಶರು ನೋಡುತ್ತಾರೆ.

ಖರೀದಿದಾರ ಗೋದಾಮು ಮಾರಿ ಊರು ಬಿಡುವ ಸುಳಿವು ಸಿಕ್ಕಿದ್ದರೆ ಮಾತ್ರ ನೇರವಾಗಿ ದಾವೆ ಹೂಡಿ, ತೀರ್ಪಿಗೆ ಮೊದಲೇ ಜಪ್ತಿ ಕೇಳುವ ಅರ್ಜಿಯನ್ನು ಆದೇಶ 38, ನಿಯಮ 5ರಡಿ ಕೊಡಬಹುದು. ಆ ತುರ್ತು ನಿಜವಾಗಿರಬೇಕು. ಮಧ್ಯಸ್ಥಿಕೆ ತಪ್ಪಿಸಲು ತೊಡಿಸಿದ ಮುಖವಾಡವನ್ನು ನ್ಯಾಯಾಲಯ ಗುರುತಿಸಬೇಕು ಎಂದು 2023ರ ಯಾಮಿನಿ ಮನೋಹರ್ ತೀರ್ಪು ಹೇಳಿದೆ.

ವಾದಪತ್ರ

ವಾದಪತ್ರವನ್ನು ವಕೀಲರು ಬರೆಯುತ್ತಾರೆ. ನೀವು ಮೂರು ಅಂಶಗಳನ್ನು ಪರಿಶೀಲಿಸಿ.

ಮೊದಲನೆಯದು ಬಡ್ಡಿ. ಆದೇಶ 7, ನಿಯಮ 2ಎ ಪ್ರಕಾರ ಬಡ್ಡಿ ಯಾವ ಆಧಾರದ ಮೇಲೆ, ಯಾವ ದರದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ, ಒಟ್ಟು ಎಷ್ಟು, ಮುಂದೆ ದಿನಕ್ಕೆಷ್ಟು ಎಂದು ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ 5,50,000ಕ್ಕೆ ಶೇಕಡಾ 12ರಂತೆ 14 ತಿಂಗಳಿಗೆ 77,000. ಒಟ್ಟು ಬೇಡಿಕೆ 6,27,000. ಮುಂದೆ ದಿನಕ್ಕೆ 180 ರೂಪಾಯಿ 82 ಪೈಸೆ.

ಎರಡನೆಯದು ಸತ್ಯ ಹೇಳಿಕೆ, ವಕೀಲರು ಸ್ಟೇಟ್‌ಮೆಂಟ್ ಆಫ್ ಟ್ರೂತ್ ಎನ್ನುವ ಪ್ರಮಾಣಪತ್ರ (ಅಫಿಡವಿಟ್). ವಾದಪತ್ರದ ಪ್ರತಿ ಪುಟಕ್ಕೂ ಸಹಿ ಹಾಕಿದ್ದೇನೆ, ಸಂಬಂಧಿಸಿದ ಎಲ್ಲ ದಾಖಲೆ ಕೊಟ್ಟಿದ್ದೇನೆ, ಇದರಲ್ಲಿ ಸುಳ್ಳಿಲ್ಲ ಎಂದು ನೀವು ಪ್ರಮಾಣ ಮಾಡುತ್ತೀರಿ. ಇದಿಲ್ಲದೆ ವಾದಪತ್ರವನ್ನು ಸಾಕ್ಷ್ಯವಾಗಿ ನೆಚ್ಚಲಾಗದು. ಇಂಗ್ಲಿಷ್ ಓದಲು ಬಾರದವರು ಅದನ್ನು ಕನ್ನಡದಲ್ಲಿ ಪೂರ್ತಿ ಓದಿಸಿ ಕೇಳಿ, 'ಕನ್ನಡದಲ್ಲಿ ಓದಿ ವಿವರಿಸಲಾಗಿದೆ' ಎಂಬ ಸಾಲು ಬರೆಸಿದ ಮೇಲೆಯೇ ಸಹಿ ಹಾಕಿ. ಹೊತ್ತಾಗುತ್ತದೆ ಎಂದು ಯಾರು ಅವಸರ ಮಾಡಿದರೂ ಕೇಳಬೇಡಿ. ಪಾಟೀಸವಾಲಿನಲ್ಲಿ ಉತ್ತರ ಕೊಡಬೇಕಾದವರು ನೀವು.

ಮೂರನೆಯದು ಮಧ್ಯಸ್ಥಿಕೆಯ ವರದಿಯನ್ನು ಲಗತ್ತಿಸಿದ್ದಾರೆಯೇ ಎಂಬುದು.

ಸಮನ್ಸ್ ತಲುಪಿದ ಮೇಲೆ

ಸಮನ್ಸ್ ಕೈಸೇರಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪ್ರತಿವಾದಿ 30 ದಿನಗಳಲ್ಲಿ ಲಿಖಿತ ಹೇಳಿಕೆ ಕೊಡಬೇಕು. ನ್ಯಾಯಾಲಯ ಖರ್ಚು ವಿಧಿಸಿ ಕಾಲ ವಿಸ್ತರಿಸಬಹುದು, ಆದರೆ ಸಮನ್ಸ್ ತಲುಪಿದ ದಿನದಿಂದ 120 ದಿನ ದಾಟಿದರೆ ಹೇಳಿಕೆ ಕೊಡುವ ಹಕ್ಕೇ ಹೋಗುತ್ತದೆ. 2019ರ ಫೆಬ್ರುವರಿಯಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಗೊಳಿಸಿತು. ಸಾಮಾನ್ಯ ಸಿವಿಲ್ ದಾವೆಯಲ್ಲಿ ವರ್ಷಗಟ್ಟಲೆ ವಾಯಿದೆ ಕೇಳುತ್ತಿದ್ದವರಿಗೆ ಇಲ್ಲಿ ಆ ದಾರಿ ಮುಚ್ಚಿದೆ. ಅದೇ ಕಾರಣಕ್ಕೆ ನಿಮ್ಮ ಮೇಲೆಯೇ ಯಾರಾದರೂ ವಾಣಿಜ್ಯ ದಾವೆ ಹೂಡಿದರೆ ಸಮನ್ಸ್ ಬಂದ ದಿನವೇ ವಕೀಲರ ಬಳಿ ಓಡಿ.

ಸುಮ್ಮನೆ 'ವಾದಿಯ ಆರೋಪಗಳೆಲ್ಲ ಸುಳ್ಳು' ಎಂಬ ಒಂದು ಸಾಲಿನ ನಿರಾಕರಣೆಯೂ ನಡೆಯದು. ಪ್ರತಿಯೊಂದನ್ನೂ ಯಾಕೆ ಅಲ್ಲಗಳೆಯುತ್ತೇನೆ, ತನ್ನ ಪ್ರಕಾರ ನಡೆದದ್ದೇನು ಎಂದು ಆದೇಶ 8, ನಿಯಮ 3ಎ ಪ್ರಕಾರ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆ.

ಮುಂದಿನದು ವೇಗವಾಗಿ ಸಾಗುತ್ತದೆ. ಲಿಖಿತ ಹೇಳಿಕೆ ಬಂದ 30 ದಿನಗಳಲ್ಲಿ ಪರಸ್ಪರರ ದಾಖಲೆಗಳ ಪರಿಶೀಲನೆ. ಅದು ಮುಗಿದ 15 ದಿನಗಳಲ್ಲಿ ಒಂದೊಂದು ದಾಖಲೆಯನ್ನೂ ಒಪ್ಪುತ್ತೀರೋ ಇಲ್ಲವೋ ಎಂಬ ಪ್ರಮಾಣಪತ್ರ. ನಿಜವಾದ ಸಹಿಯನ್ನು ಹಟಕ್ಕೆ ಅಲ್ಲಗಳೆದರೆ ಖರ್ಚು ಬೀಳಬಹುದು. ಇಬ್ಬರ ಪ್ರಮಾಣಪತ್ರಗಳೂ ಬಂದ ನಾಲ್ಕು ವಾರಗಳೊಳಗೆ ಮೊದಲ ಪ್ರಕರಣ ನಿರ್ವಹಣಾ ವಿಚಾರಣೆ ನಡೆಯುತ್ತದೆ. ವಿವಾದಾಂಶಗಳು ಯಾವುವು, ಸಾಕ್ಷಿಗಳು ಯಾರು, ಅವರ ಪ್ರಮಾಣಪತ್ರ ಯಾವ ದಿನ, ಪಾಟೀಸವಾಲು ಯಾವ ದಿನ ಎಂದು ಅಂದೇ ಗೊತ್ತಾಗುತ್ತದೆ. ಅಂದಿನಿಂದ ಆರು ತಿಂಗಳೊಳಗೆ ವಾದ ಮುಗಿಯಬೇಕು, ವಾದ ಮುಗಿದ 90 ದಿನಗಳೊಳಗೆ ತೀರ್ಪು ಬರಬೇಕು. ಪ್ರತಿ ಹಂತವೂ ಕೊನೆಯ ಗಡುವಿನವರೆಗೆ ಎಳೆದರೂ ಸಮನ್ಸ್ ತಲುಪಿದ ದಿನದಿಂದ ಲೆಕ್ಕ ಹಾಕಿದರೆ ಸುಮಾರು 15 ತಿಂಗಳು. ನ್ಯಾಯಾಲಯದ ಕೆಲಸದ ಹೊರೆಯಿಂದ ಇದು ಹಿಗ್ಗುತ್ತದೆ, ನಾನು ಕಂಡ ದಾವೆಯಲ್ಲೂ ಹಿಗ್ಗಿತು. ಆದರೂ ಹತ್ತು ವರ್ಷವಾಗಲಿಲ್ಲ.

ನಿರ್ವಹಣಾ ವಿಚಾರಣೆಯ ದಿನ ತಪ್ಪದೆ ವಕೀಲರ ಜತೆಗೆ ಹೋಗಿ. ತೂಕ ಮಾಡಿದವರು, ಲಾರಿಯ ಚಾಲಕ, ಲೆಕ್ಕ ಬರೆದವರು ಯಾವ ತಿಂಗಳು ಊರಿನಲ್ಲಿರುತ್ತಾರೆ ಎಂಬುದು ವಕೀಲರಿಗೆ ಗೊತ್ತಿರುವುದಿಲ್ಲ. ಅಡಿಕೆ ಕೊಯ್ಲಿನ ನಡುವೆ ಸಾಕ್ಷಿಯ ದಿನ ಬಿದ್ದರೆ ಕಷ್ಟ. ಸಾಕ್ಷಿಗಳು ಕನ್ನಡದಲ್ಲೇ ಹೇಳಿಕೆ ಕೊಡುವುದಾದರೆ ಅನುವಾದದ ವ್ಯವಸ್ಥೆಯನ್ನೂ ಅಂದೇ ಕೇಳಿಕೊಳ್ಳಿ.

ವಿಚಾರಣೆಯಿಲ್ಲದೆ ತೀರ್ಪು

ಆದೇಶ 13ಎ ವ್ಯಾಪಾರಿಯ ಕೈಗೆ ಸಿಕ್ಕಿದ ಒಳ್ಳೆಯ ಆಯುಧ. ನಮ್ಮ ಕಡೆ ಇದರ ಬಳಕೆ ಇನ್ನೂ ಸಾಕಷ್ಟಿಲ್ಲ ಎಂಬುದು ನನ್ನ ಅನಿಸಿಕೆ. ಪ್ರತಿವಾದಿಗೆ ಸಮನ್ಸ್ ತಲುಪಿದ ಮೇಲೆ, ವಿವಾದಾಂಶ ಗೊತ್ತುಮಾಡುವ ಮೊದಲು, ಸಂಕ್ಷಿಪ್ತ ತೀರ್ಪು ಕೇಳಿ ಅರ್ಜಿ ಕೊಡಬಹುದು. ಪ್ರತಿವಾದಿಗೆ ಗೆಲ್ಲುವ ನೈಜ ಸಾಧ್ಯತೆಯೇ ಇಲ್ಲ, ಬಾಯಿಮಾತಿನ ಸಾಕ್ಷ್ಯ ಕೇಳಲು ಬೇರೆ ಬಲವಾದ ಕಾರಣವೂ ಇಲ್ಲ ಎಂದು ತೋರಿಸಬೇಕು. ಸಹಿ ಹಾಕಿದ ಬಾಕಿ ದೃಢೀಕರಣ ಪತ್ರ ಕೈಯಲ್ಲಿದ್ದರೆ ಇದರ ಬಗ್ಗೆ ವಕೀಲರನ್ನು ಕೇಳಲೇಬೇಕು. ಪೂರ್ತಿ ಮೊತ್ತಕ್ಕೆ ಸಿಗದಿದ್ದರೂ ಒಪ್ಪಿದ ಭಾಗಕ್ಕೆ ಸಿಗಬಹುದು. ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಮುಂದುವರಿಯಬೇಕೆಂಬ ಶರತ್ತಿನ ಆದೇಶವೂ ಬರಬಹುದು.

ತೀರ್ಪಿನ ನಂತರ

ಸೋತವರು ಗೆದ್ದವರ ಖರ್ಚು ಕೊಡುವುದು ಇಲ್ಲಿ ಸಾಮಾನ್ಯ ನಿಯಮ. ವಕೀಲರ ಶುಲ್ಕ, ಅನುವಾದದ ವೆಚ್ಚ, ಸಾಕ್ಷಿಗಳ ಪ್ರಯಾಣ ಎಲ್ಲಕ್ಕೂ ರಸೀದಿ ಇಟ್ಟುಕೊಳ್ಳಿ. ಲೆಕ್ಕದವನಾದ ನನಗೆ ಈ ಮಾತು ಎಷ್ಟು ಸಲ ಹೇಳಿದರೂ ಸಾಲದು.

ನಡುವಿನ ಆದೇಶಗಳ ವಿರುದ್ಧ ರಿವಿಜನ್, ಅಂದರೆ ಮರುಪರಿಶೀಲನೆಯ, ಅರ್ಜಿಯನ್ನು ಕಾಯ್ದೆಯ 8ನೆಯ ಕಲಂ ತಡೆಯುತ್ತದೆ. ತೀರ್ಪಿನ ವಿರುದ್ಧ ಮೇಲ್ಮನವಿಗೆ 60 ದಿನ. ತಡವನ್ನು ಮನ್ನಿಸುವುದು ತೀರಾ ಅಪರೂಪವಾಗಿರಬೇಕು ಎಂದು 2021ರ ಬೋರ್ಸೆ ಬ್ರದರ್ಸ್ ತೀರ್ಪು ಎಚ್ಚರಿಸಿದೆ. ತೀರ್ಪಿನ ಪ್ರಮಾಣಿತ ಪ್ರತಿಗೆ ಅಂದೇ ಅರ್ಜಿ ಹಾಕಿ.

ಡಿಕ್ರಿ ಬಂದರೆ ಹಣ ಬಂದಂತಲ್ಲ. ಖರೀದಿದಾರನ ಆಸ್ತಿ ಮಂಗಳೂರಿನಲ್ಲಿದ್ದು ಡಿಕ್ರಿ ಕಾಸರಗೋಡಿನದ್ದಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಕಲಮಿನಡಿ ಅದನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಂಡು ಜಾರಿ ಅರ್ಜಿ ಹಾಕಬೇಕು. ಜಾರಿಗೆ 12 ವರ್ಷಗಳ ಕಾಲವಿದೆ, ಆದರೆ ಅಷ್ಟು ಕಾಯುವುದರೊಳಗೆ ಗೋದಾಮು ಯಾರ ಹೆಸರಿಗೋ ಹೋಗಿರುತ್ತದೆ. ಆದ್ದರಿಂದ ದಾವೆ ನಡೆಯುತ್ತಿರುವಾಗಲೇ ಅವನ ಬ್ಯಾಂಕ್ ಖಾತೆ ಎಲ್ಲಿದೆ, ಜಾಗದ ಸರ್ವೆ ನಂಬರ್ ಯಾವುದು, ಅವನಿಗೆ ಯಾವ ಮಂಡಿಯಿಂದ ಹಣ ಬರಬೇಕಾಗಿದೆ ಎಂಬುದನ್ನು ಸಂಗ್ರಹಿಸಿಡಿ. ನನ್ನ ಅಂಗಡಿಯವರಿಗೆ ಕೊನೆಗೆ ಹಣ ಬಂದದ್ದು ಜಾಗದ ಜಪ್ತಿಯಿಂದಲ್ಲ. ಖರೀದಿದಾರನ ಚಾಲ್ತಿ ಖಾತೆಯನ್ನು ಜಪ್ತಿ ಮಾಡುವ ಆದೇಶ ಬ್ಯಾಂಕಿಗೆ ತಲುಪಿದ ನಾಲ್ಕನೆಯ ದಿನ ಅವನೇ ಫೋನ್ ಮಾಡಿದ. ಆ ಖಾತೆಯ ಸಂಖ್ಯೆ ಸಿಕ್ಕಿದ್ದು ಅವನು ಮೊದಲ ಕಂತಿಗೆ ಕೊಟ್ಟಿದ್ದ ಚೆಕ್ಕಿನ ನಕಲಿನಲ್ಲಿ. ಮೂರು ವರ್ಷಗಳ ಹಿಂದೆ ಅದನ್ನು ನಕಲು ಮಾಡಿ ಬಿಲ್ಲಿಗೆ ಪಿನ್ ಹೊಡೆದಿಟ್ಟವರು ಅಂಗಡಿಯ ಹಿರಿಯಕ್ಕ.